ಮೆಡಿಕ್ಲೇಮ್ ಇದೆ, ಚೀಟಿ ಬರೆದುಕೊಡಿ

ಪುಣೆಯ ಫ್ಯಾಮಿಲಿ ಡಾಕ್ಟರ ದವಾಖಾನೆಯಲ್ಲಿ ಮಾತ್ರೆ, ಇಂಜೆಕ್ಷನ್ನುಗಳ ಜೊತೆಗೆ ಈಗ ದಿನವೂ ಕೇಳಿಬರುವ ಇನ್ನೊಂದು ವಸ್ತು ಚೀಟಿ. ಮರಾಠಿಯಲ್ಲಿ ಅದಕ್ಕೆ ಚಿಠ್ಠಿ ಎನ್ನುತ್ತಾರೆ. ರೋಗಿಯನ್ನು ದೊಡ್ಡ ಆಸ್ಪತ್ರೆಗೋ ತಜ್ಞರ ಬಳಿಗೋ ಸ್ಕ್ಯಾನ್ ಮಾಡುವಲ್ಲಿಗೋ ಕಳಿಸುವಾಗ ಡಾಕ್ಟರು ತಮ್ಮ ಲೆಟರ್‌ಹೆಡ್ಡಿನ ಮೇಲೆ ಬರೆಯುವ ನಾಲ್ಕೈದು ಸಾಲು ಅದು. ಹಿಂದೆ ಚೀಟಿ ಬೇಕೋ ಬೇಡವೋ ಎಂದು ಡಾಕ್ಟರು ತೀರ್ಮಾನಿಸುತ್ತಿದ್ದರು, ರೋಗಿ ಅದನ್ನು ಕಿಸೆಯಲ್ಲಿಟ್ಟುಕೊಂಡು ಹೋಗುತ್ತಿದ್ದ. ಈಗ ಎಷ್ಟೋ ಸಲ ತೀರ್ಮಾನ ಮನೆಯಲ್ಲೇ ಆಗಿರುತ್ತದೆ. ರೋಗಿ ಸ್ಟೂಲಿನ ಮೇಲೆ ಕೂರುವ ಮೊದಲೇ ಮಾತು ಹೊರಡುತ್ತದೆ: ಮೆಡಿಕ್ಲೇಮ್ ಇದೆ, ಒಂದು ಚೀಟಿ ಬರೆದುಕೊಡಿ.

ಈ ಬೇಡಿಕೆಯಲ್ಲಿ ಎರಡು ಕಾಗದಗಳು ಬೆರೆತುಹೋಗಿವೆ. ಒಂದು, ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಬರೆಯುವ ಪತ್ರ. ಈ ರೋಗಿಯಲ್ಲಿ ಇಂಥದ್ದು ಕಂಡಿದೆ, ಇಂಥ ಸಂಶಯವಿದೆ, ನೀವು ನೋಡಿ ತಿಳಿಸಿ ಎಂಬ ವೈದ್ಯಕೀಯ ಪ್ರಶ್ನೆ ಅದರಲ್ಲಿರುತ್ತದೆ. ಇನ್ನೊಂದು, ವಿಮಾ ಕಂಪನಿಯ ಕಡತಕ್ಕೆ ಮೊದಲ ಹಾಳೆಯಾಗಿ ಸೇರುವ ದಾಖಲೆ. ಕಾಗದ ಒಂದೇ, ಓದುವವರು ಇಬ್ಬರು. ತಜ್ಞರು ಅದರಲ್ಲಿ ರೋಗವನ್ನು ಹುಡುಕುತ್ತಾರೆ, ಕಂಪನಿಯವರು ತಾರೀಖನ್ನು ಹುಡುಕುತ್ತಾರೆ. ಚೀಟಿಯ ಸುತ್ತ ಎದ್ದಿರುವ ಜಗ್ಗಾಟವೆಲ್ಲ ಇಲ್ಲಿಂದ ಶುರುವಾಗುತ್ತದೆ.

ಚೀಟಿ ಇಲ್ಲದೆ ಮುಂದೆ ಹೋಗಲಾಗದ ವ್ಯವಸ್ಥೆಗಳು ಭಾರತದಲ್ಲಿ ಇಲ್ಲದಿಲ್ಲ. ಪುಣೆಯಲ್ಲಿ ನೆಲೆಸಿರುವ ನಿವೃತ್ತ ಸೈನಿಕರಿಗೆ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಯೋಜನೆ ಇದೆ. ತುರ್ತು ಸ್ಥಿತಿ ಬಿಟ್ಟರೆ ಸಾಮಾನ್ಯವಾಗಿ ಪಾಲಿಕ್ಲಿನಿಕ್ಕಿನ ವೈದ್ಯರು ಬರೆದುಕೊಟ್ಟ ಮೇಲೆಯೇ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. ಕಾರ್ಖಾನೆಯ ನೌಕರರಿಗೆ ಇಎಸ್‌ಐ ದವಾಖಾನೆಯ ಕಾಗದ ಬೇಕು. ಕರ್ನಾಟಕದಲ್ಲಿ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ತುರ್ತು ಸ್ಥಿತಿ ಬಿಟ್ಟರೆ ಸರ್ಕಾರಿ ಆಸ್ಪತ್ರೆಯವರು ತಮ್ಮಲ್ಲಿ ಆಗದು ಎಂದು ರೆಫರಲ್ ಕೊಟ್ಟರೆ ಮಾತ್ರ ಖಾಸಗಿ ಆಸ್ಪತ್ರೆಯ ಚಿಕಿತ್ಸೆ. ಇಂಗ್ಲೆಂಡಿನಲ್ಲಂತೂ 1948ರಿಂದ ಇದೇ ಪದ್ಧತಿ: ಮನೆಯ ಡಾಕ್ಟರ ಪತ್ರವಿಲ್ಲದೆ ತಜ್ಞರ ಭೇಟಿ ಸಾಮಾನ್ಯವಾಗಿ ಆಗದು, ಅಲ್ಲಿ ಖಾಸಗಿ ವಿಮೆ ಮಾಡಿಸಿಕೊಂಡವರಿಗೂ ಕಂಪನಿಗಳು ಹೆಚ್ಚಾಗಿ ಆ ಪತ್ರವನ್ನೇ ಕೇಳುತ್ತವೆ. ತಜ್ಞರ ಹೆಸರು ಬರೆಯದ ತೆರೆದ ಪತ್ರ ತನ್ನಿ, ಯಾರ ಬಳಿ ಹೋಗಬೇಕೆಂದು ನಾವು ಹೇಳುತ್ತೇವೆ ಎನ್ನುವ ಪಾಲಿಸಿಗಳೂ ಅಲ್ಲಿವೆ.

ಪುಣೆಯ ಮೆಡಿಕ್ಲೇಮಿಗೆ ಅಂಥ ಬಾಗಿಲುಕಾಯುವವರಿಲ್ಲ. ಬೆನ್ನು ನೋಯುವವನು ನೇರವಾಗಿ ಮೂಳೆ ತಜ್ಞರ ಬಳಿ ಹೋಗಬಹುದು, ತಲೆ ನೋಯುವವಳು ನೇರವಾಗಿ ನರರೋಗ ತಜ್ಞರ ಬಳಿ ಹೋಗಬಹುದು, ಯಾರೂ ತಡೆಯುವುದಿಲ್ಲ. ಹಾಗಿದ್ದರೂ ಜನ ಫ್ಯಾಮಿಲಿ ಡಾಕ್ಟರ ಬಳಿ ಬಂದು ಚೀಟಿ ಕೇಳುವುದೇಕೆ? ಅಭ್ಯಾಸಬಲ ಒಂದು ಕಾರಣ. ಸದಾಶಿವ ಪೇಠ, ನಾರಾಯಣ ಪೇಠ, ಕಸಬಾ ಪೇಠಗಳ ಹಳೆಯ ಮನೆತನಗಳಲ್ಲಿ ಫ್ಯಾಮಿಲಿ ಡಾಕ್ಟರು ಎಂದರೆ ಮೂರು ತಲೆಮಾರಿನ ಕಾಯಿಲೆ ಬಲ್ಲವರು. ‘ಸಕಾಳ’ ಪತ್ರಿಕೆಯ ಆರೋಗ್ಯ ಪುರವಣಿಗೆ ‘ಫ್ಯಾಮಿಲಿ ಡಾಕ್ಟರ್’ ಎಂದೇ ಹೆಸರಿಟ್ಟ ಊರು ಇದು. ಅಲ್ಲಿನ ಕನ್ನಡಿಗರಿಗೂ ಈ ನಂಟು ಹೊಸತಲ್ಲ. ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘ ನಡೆಸುವ ಶಾಲೆಗೆ ಇರುವುದು ಡಾ. ಕಲ್ಮಾಡಿ ಶಾಮರಾವ್ ಎಂಬ ವೈದ್ಯರ ಹೆಸರು. ಎರಡನೆಯ ಕಾರಣ ವಿಮೆಯ ಕಟ್ಟಳೆಗಳಲ್ಲಿದೆ. ಅದನ್ನು ಸ್ವಲ್ಪ ಬಿಡಿಸಿಯೇ ನೋಡಬೇಕು.

ಮೆಡಿಕ್ಲೇಮ್ ಎಂಬ ಹೆಸರಿನ ಪಾಲಿಸಿಯನ್ನು ಸರ್ಕಾರಿ ವಿಮಾ ಕಂಪನಿಗಳು ತಂದದ್ದು 1986ರಲ್ಲಿ. ಆಮೇಲೆ ಖಾಸಗಿ ಕಂಪನಿಗಳು ಎಷ್ಟೋ ಬಂದವು, ಪಾಲಿಸಿಗಳಿಗೆ ಬಣ್ಣಬಣ್ಣದ ಹೆಸರು ಬಂದವು. ಜನರ ಬಾಯಲ್ಲಿ ಎಲ್ಲವೂ ಮೆಡಿಕ್ಲೇಮೇ. ಇದರ ಮೂಲ ಸ್ವಭಾವ ಮಾತ್ರ ಹೆಚ್ಚು ಬದಲಾಗಿಲ್ಲ. ಇದು ಆಸ್ಪತ್ರೆಯಲ್ಲಿ ಮಲಗಿದವರ ವಿಮೆ. ಹೆಚ್ಚಿನ ಪಾಲಿಸಿಗಳು ಹಣ ಕೊಡುವುದು ಕನಿಷ್ಠ 24 ಗಂಟೆ ದಾಖಲಾಗಿದ್ದರೆ. ಕಣ್ಣಿನ ಪೊರೆ, ಡಯಾಲಿಸಿಸ್‌ನಂಥ ಕೆಲವಕ್ಕೆ ಡೇ ಕೇರ್ ಎಂಬ ರಿಯಾಯಿತಿ ಇದೆ. ಫ್ಯಾಮಿಲಿ ಡಾಕ್ಟರ ಫೀಸು, ಅವರು ಬರೆದ ಮಾತ್ರೆ, ಅವರು ಹೇಳಿದ ರಕ್ತಪರೀಕ್ಷೆ ಇವುಗಳಿಗೆ ಹೆಚ್ಚಿನ ಪಾಲಿಸಿಗಳಲ್ಲಿ ಜಾಗವಿಲ್ಲ. ಅವೇ ಖರ್ಚುಗಳು ಆಸ್ಪತ್ರೆಗೆ ಸೇರುವ ಹಿಂದಿನ 30 ದಿನಗಳಲ್ಲಿ, ಅದೇ ಕಾಯಿಲೆಗಾಗಿ ಆಗಿದ್ದರೆ ಸಾಮಾನ್ಯವಾಗಿ ಸಿಗುತ್ತವೆ. ಅಂದರೆ ರೋಗಿ ದಾಖಲಾದ ಮರುಗಳಿಗೆ ಫ್ಯಾಮಿಲಿ ಡಾಕ್ಟರ ಹಳೆಯ ಚೀಟಿಗೆ ಬೆಲೆ ಬರುತ್ತದೆ. ದಾಖಲಾಗದಿದ್ದರೆ ಅದು ರದ್ದಿ. ಜನ ದಾಖಲಾಗಲು ಹಂಬಲಿಸುವುದರಲ್ಲಿ ಆಶ್ಚರ್ಯವೇನಿದೆ?

ಆಸ್ಪತ್ರೆಯ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆ) ಕೌಂಟರಿನಲ್ಲಿ ಕ್ಯಾಶ್‌ಲೆಸ್ ಸೌಲಭ್ಯಕ್ಕೆ ತುಂಬಿಕೊಡುವ ಫಾರ್ಮು ಒಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ದೇಶಕ್ಕೆಲ್ಲ ಒಂದೇ ಮಾದರಿಯಲ್ಲಿ ಮಾಡಿದೆ. ಅದರಲ್ಲಿ ರೋಗಿ ತುಂಬುವ ಭಾಗದಲ್ಲಿ ಒಂದು ಪ್ರಶ್ನೆ: ನಿಮಗೆ ಫ್ಯಾಮಿಲಿ ಡಾಕ್ಟರು ಇದ್ದಾರೆಯೇ, ಇದ್ದರೆ ಹೆಸರೇನು, ಫೋನ್ ನಂಬರ್ ಏನು. ಚಿಕಿತ್ಸೆ ಕೊಡುವ ಡಾಕ್ಟರು ತುಂಬುವ ಭಾಗದಲ್ಲಿ ಈ ತೊಂದರೆ ಎಷ್ಟು ದಿನದಿಂದ ಇದೆ, ಮೊದಲ ಸಲ ಯಾವತ್ತು ತೋರಿಸಿದರು ಎಂಬ ಕಾಲಂಗಳು. ಅದರ ಕೆಳಗೆ ಒಂದು ಪಟ್ಟಿ: ಸಕ್ಕರೆ ಕಾಯಿಲೆ, ಹೃದ್ರೋಗ, ರಕ್ತದೊತ್ತಡ, ಕೊಲೆಸ್ಟರಾಲ್, ಕೀಲುಸವೆತ, ಆಸ್ತಮಾ, ಕ್ಯಾನ್ಸರ್, ಕುಡಿತ. ಪ್ರತಿಯೊಂದರ ಎದುರು ಯಾವ ತಿಂಗಳು, ಯಾವ ವರ್ಷದಿಂದ ಎಂದು ಬರೆಯಲು ಪುಟ್ಟ ಚೌಕಗಳು. ಆ ಚೌಕದೊಳಗಿನ ಅಂಕಿಗಳ ಮೇಲೆ ಲಕ್ಷಗಟ್ಟಲೆ ರೂಪಾಯಿ ನಿಂತಿರುತ್ತದೆ. ಪಾಲಿಸಿ ಕೊಳ್ಳುವ ಮುಂಚೆಯೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರ ನಿಯಮಗಳಂತೆ ಅದು ಹೆಚ್ಚೆಂದರೆ 36 ತಿಂಗಳು. ಮೊದಲು 48 ಇತ್ತು. ಮೊದಲೇ ಇದ್ದ ಕಾಯಿಲೆ ಎಂದರೆ ಯಾವುದು? ಪಾಲಿಸಿಗೆ ಮುಂಚಿನ 36 ತಿಂಗಳಲ್ಲಿ ಒಬ್ಬ ವೈದ್ಯರು ಪತ್ತೆಹಚ್ಚಿದ್ದು, ಇಲ್ಲವೇ ಸಲಹೆಯನ್ನೋ ಚಿಕಿತ್ಸೆಯನ್ನೋ ಹೇಳಿದ್ದು ಎಂದು ವ್ಯಾಖ್ಯೆ ಹೇಳುತ್ತದೆ. ಆ ಒಬ್ಬ ವೈದ್ಯರು ಯಾರು? ಹತ್ತರಲ್ಲಿ ಒಂಬತ್ತು ಸಲ ಇದೇ ಫ್ಯಾಮಿಲಿ ಡಾಕ್ಟರು.

ಇನ್ನು ಬೇಡಿಕೆಗಳ ಬಗೆಗಳು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಸ್ಕ್ಯಾನಿನ ಚೀಟಿ. ಡೆಕ್ಕನ್ ಜಿಮಖಾನಾದ ಸುತ್ತ ಉಡುಪಿ, ಕುಂದಾಪುರದ ಕಡೆಯವರ ಹೋಟೆಲುಗಳು ಹಲವು. ಅಂಥ ಹೋಟೆಲಿನ ಗಲ್ಲಾದ ಮೇಲೆ ದಿನಕ್ಕೆ ಹತ್ತು ತಾಸು ಕೂರುವ ಐವತ್ತರ ಆಸುಪಾಸಿನವರೊಬ್ಬರಿಗೆ ಸೊಂಟ ಹಿಡಿದುಕೊಂಡಿದೆ ಎಂದಿಟ್ಟುಕೊಳ್ಳಬಹುದು. ನೋವು ಎಡಗಾಲಿಗೆ ಇಳಿಯುತ್ತದೆ, ಮೂರು ವಾರವಾಯಿತು. ಅವರ ಮಾತು ಇಷ್ಟೆ: “ಡಾಕ್ಟ್ರೇ, ಮೆಡಿಕ್ಲೇಮ್ ಉಂಟಲ್ಲ, ಒಂದು ಎಮ್‌ಆರ್‌ಐ ಮಾಡಿಸಿಬಿಡುವ.” ಒಳ್ಳೆಯ ಡಾಕ್ಟರು ಇಲ್ಲಿ ಮೊದಲು ಪೆನ್ನು ತೆಗೆಯುವುದಿಲ್ಲ. ರೋಗಿಯನ್ನು ಮಂಚದ ಮೇಲೆ ಮಲಗಿಸಿ ಮಂಡಿ ಬಗ್ಗಿಸದೆ ಕಾಲನ್ನು ಎತ್ತಿ ನೋಡುತ್ತಾರೆ. ಹಿಮ್ಮಡಿಯ ಮೇಲೆ, ಆಮೇಲೆ ಬೆರಳ ತುದಿಯ ಮೇಲೆ ನಡೆಸುತ್ತಾರೆ. ಹೆಬ್ಬೆರಳನ್ನು ತಮ್ಮ ಕೈಗೆ ಎದುರಾಗಿ ಒತ್ತಲು ಹೇಳುತ್ತಾರೆ. ಮೂತ್ರ ಕಟ್ಟುತ್ತದೆಯೇ, ಕೂರುವ ಜಾಗದಲ್ಲಿ ಜೋಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ಹಿಂದೆ ಕ್ಯಾನ್ಸರ್ ಆಗಿತ್ತೇ ಎಂದು ಕೇಳುತ್ತಾರೆ. ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಚೀಟಿ ಅವತ್ತೇ ಹೊರಡಬೇಕು. ಮೂತ್ರದ ಹಿಡಿತ ತಪ್ಪಿದ್ದರಂತೂ ಗಂಟೆಗಳ ಲೆಕ್ಕ. ಎಲ್ಲಕ್ಕೂ ಇಲ್ಲ ಎಂದಾದರೆ ಇಂಥ ನೋವು ಸಾಮಾನ್ಯವಾಗಿ ಆರೆಂಟು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಹಾಗಾದರೆ ಒಂದು ಚಿತ್ರ ತೆಗೆಸಿದರೆ ನಷ್ಟವೇನು ಎಂದು ರೋಗಿ ಕೇಳುವುದು ಸಹಜ. ನಷ್ಟ ಚಿತ್ರದಲ್ಲಿಯೇ ಇದೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಪ್ಪತ್ತರ ಹರೆಯದವರಲ್ಲೂ ನೂರಕ್ಕೆ 30 ಮಂದಿಗೆ, ಎಂಬತ್ತರ ವಯಸ್ಸಿನವರಲ್ಲಿ ನೂರಕ್ಕೆ 84 ಮಂದಿಗೆ ಡಿಸ್ಕ್ ಉಬ್ಬಿದ್ದು ಕಂಡಿತು. ನೆರೆತ ಕೂದಲಿನ ಹಾಗೆ ಇದೂ ವಯಸ್ಸಿನ ಗುರುತು. ಆದರೆ ವರದಿಯಲ್ಲಿ ಡಿಸ್ಕ್ ಬಲ್ಜ್ ಎಂಬ ಎರಡು ಪದ ಓದಿದ ಮನುಷ್ಯ ಮತ್ತೆ ಮೊದಲಿನಂತೆ ಬಗ್ಗುವುದಿಲ್ಲ, ಗೋಣಿ ಎತ್ತುವುದಿಲ್ಲ, ಕೊನೆಗೆ ಆಪರೇಷನ್ನಿಗೂ ತಯಾರಾಗಿಬಿಡುತ್ತಾನೆ.

ಸ್ಕ್ಯಾನಿನ ಬೇಡಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಹೊರರೋಗಿಯಾಗಿ ಮಾಡಿಸಿದ ಎಮ್‌ಆರ್‌ಐಗೆ ದುಡ್ಡು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಎರಡನೆಯ ಬೇಡಿಕೆ ಹುಟ್ಟುತ್ತದೆ: ಹಾಗಾದರೆ ಅಡ್ಮಿಟ್ ಎಂದೇ ಬರೆಯಿರಿ, ಒಂದು ರಾತ್ರಿ ಮಲಗಿ ಎಲ್ಲಾ ಟೆಸ್ಟ್ ಮುಗಿಸಿಕೊಂಡು ಬರುತ್ತೇನೆ. ಇದಕ್ಕೆ ಡಾಕ್ಟರ ಉತ್ತರ ಪಾಲಿಸಿಯಲ್ಲಿಯೇ ಇದೆ. ವಿಮಾ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ರೀತಿಯಲ್ಲಿ ಗೊತ್ತುಮಾಡಿದ ಹೊರಗಿಡುವಿಕೆಗಳಲ್ಲಿ ನಾಲ್ಕನೆಯದು ಇದೇ: ಮುಖ್ಯವಾಗಿ ಪರೀಕ್ಷೆ, ತಪಾಸಣೆಗಾಗಿ ಮಾತ್ರ ದಾಖಲಾದರೆ ಆ ಖರ್ಚು ಕೊಡತಕ್ಕದ್ದಲ್ಲ. ಐದನೆಯದು ಬರಿಯ ವಿಶ್ರಾಂತಿಗಾಗಿ ದಾಖಲಾಗುವುದು. ಒಂದು ರಾತ್ರಿ ಮಲಗಿ, ಮಾತ್ರೆ ಬಿಟ್ಟು ಬೇರೇನೂ ಚಿಕಿತ್ಸೆ ಇಲ್ಲದೆ, ಐದಾರು ಪರೀಕ್ಷೆ ಮಾಡಿಸಿಕೊಂಡು ಬಂದವರ ಕ್ಲೇಮು ಬಿದ್ದುಹೋಗುವುದು ಈ ಕಲಮಿನಿಂದಲೇ. ಆಗ ಆಸ್ಪತ್ರೆಯ ಕೋಣೆ ಬಾಡಿಗೆಯೂ ಮೈಮೇಲೆ ಬರುತ್ತದೆ. ಬೇಡ ಎಂದು ಹೇಳುವುದಕ್ಕಿಂತ ಈ ಕಲಮನ್ನು ಓದಿ ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಡಾಕ್ಟರು ಅಡ್ಡ ಬಂದರು ಎಂಬ ಮುನಿಸು ಉಳಿಯುವುದಿಲ್ಲ.

ದಾಖಲಾಗಲೇಬೇಕೆಂಬ ಈ ಕಟ್ಟು ಒಂದು ಕಾಲದಲ್ಲಿ ಸಡಿಲವಾಗಿತ್ತು. ಮಹಾರಾಷ್ಟ್ರದ ಮೊದಲ ಕೊರೊನಾ ರೋಗಿಗಳು 2020ರ ಮಾರ್ಚ್ 9ರಂದು ಪತ್ತೆಯಾದದ್ದು ಪುಣೆಯಲ್ಲಿ. ಅದೇ ವರ್ಷದ ಜುಲೈಯಲ್ಲಿ ಬಂದ ಕೊರೊನಾ ಕವಚ ಪಾಲಿಸಿಯಲ್ಲಿ, ಡಾಕ್ಟರು ಬರೆದುಕೊಟ್ಟರೆ ಮನೆಯಲ್ಲೇ ಪಡೆದ ಚಿಕಿತ್ಸೆಗೂ 14 ದಿನಗಳವರೆಗೆ ಹಣ ಕೊಡುವ ಏರ್ಪಾಡಿತ್ತು. ಆಸ್ಪತ್ರೆಯ ಹಾಸಿಗೆಯನ್ನು ನಡುವೆ ತರದೆ ದವಾಖಾನೆಯ ಚೀಟಿಗೇ ಬೆಲೆ ಕಟ್ಟಿದ ಉದಾಹರಣೆ ಅದು.

ಮೂರನೆಯ ಬೇಡಿಕೆ ಎಲ್ಲಕ್ಕಿಂತ ಕಠಿಣ, ಯಾಕೆಂದರೆ ಅದು ಕೈ ಮುಗಿದುಕೊಂಡು ಬರುತ್ತದೆ. ಬಿಪಿ ಇರುವುದನ್ನು ಬರೆಯಬೇಡಿ, ಅಥವಾ ಐದು ವರ್ಷದಿಂದ ಎಂಬುದನ್ನು ಆರು ತಿಂಗಳು ಎಂದು ಮಾಡಿಕೊಡಿ. ಪುಣೆಯ ದವಾಖಾನೆಗಳ ಚೀಟಿಯ ಮೇಲೆ ಮೊದಲ ಸಾಲು ಸಾಮಾನ್ಯವಾಗಿ ಒಂದೇ ತರಹ ಇರುತ್ತದೆ: ಕೆ-ಸಿ-ಓ ಎಚ್‌ಟಿಎನ್, ಅಂದರೆ ರಕ್ತದೊತ್ತಡ ಇರುವ ರೋಗಿ, ಮುಂದೆ ಇಷ್ಟು ವರ್ಷದಿಂದ ಎಂದು ಒಂದು ಅಂಕಿ. ಎದೆನೋವೆಂದು ಕರೆದುಕೊಂಡು ಬಂದ ಅಪ್ಪನಿಗೆ ಮರುದಿನ ಆಂಜಿಯೊಪ್ಲಾಸ್ಟಿ ಆಗಬೇಕು. ಪಾಲಿಸಿಗೆ ಎರಡೇ ವರ್ಷ. ಆ ಅಂಕಿಯ ಮೇಲೆ ಮಗನ ಕಣ್ಣು ಬಿದ್ದಿರುತ್ತದೆ. ಅವನನ್ನು ಮೋಸಗಾರ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ಪೂರ್ತಿ ಸತ್ಯವಲ್ಲ. ಎಷ್ಟೋ ಸಲ ಪಾಲಿಸಿ ಮಾರಿದ ಏಜೆಂಟನೇ ಪ್ರಸ್ತಾವದ ಫಾರ್ಮಿನಲ್ಲಿ ಬಿಪಿ ಇಲ್ಲ ಎಂದು ಟಿಕ್ ಹಾಕಿ ಸಹಿ ಮಾತ್ರ ತೆಗೆದುಕೊಂಡು ಹೋಗಿರುತ್ತಾನೆ.

ಆದರೂ ಡಾಕ್ಟರು ಸುಳ್ಳು ಬರೆಯುವಂತಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ನಿಯಮಗಳು ಸುಳ್ಳು, ದಾರಿತಪ್ಪಿಸುವ ಪ್ರಮಾಣಪತ್ರಕ್ಕೆ ಸಹಿ ಹಾಕುವುದನ್ನು ದುರ್ನಡತೆ ಎನ್ನುತ್ತವೆ. ಅದಕ್ಕೆ ವೈದ್ಯರ ಪಟ್ಟಿಯಿಂದ ಹೆಸರು ತೆಗೆದುಹಾಕುವವರೆಗೂ ಶಿಕ್ಷೆಯುಂಟು. ಪುಣೆಯಲ್ಲಿ ಫ್ಯಾಮಿಲಿ ಡಾಕ್ಟರುಗಳಾಗಿ ಕೂತವರಲ್ಲಿ ಆಯುರ್ವೇದ, ಹೋಮಿಯೋಪತಿ ಓದಿದವರೂ ಬಹಳ. ಅವರಿಗೂ ಅವರವರ ಪರಿಷತ್ತುಗಳಿವೆ. ಕಾನೂನನ್ನು ಪಕ್ಕಕ್ಕಿಟ್ಟರೂ ಲೆಕ್ಕ ಕೂಡುವುದಿಲ್ಲ. ಬಿಪಿಯ ಮಾತ್ರೆಯನ್ನು ಮುಚ್ಚಿಟ್ಟ ಚೀಟಿ ಹಿಡಿದು ಆಪರೇಷನ್ ಟೇಬಲ್ಲಿಗೆ ಹೋದವನಿಗೆ ಅರಿವಳಿಕೆ ಕೊಡುವವರು ಮೊದಲ ಮೋಸಕ್ಕೆ ಒಳಗಾಗುತ್ತಾರೆ, ಕಂಪನಿ ಆಮೇಲೆ. ಕಂಪನಿಯ ತನಿಖೆಗಾರ ಮೆಡಿಕಲ್ ಅಂಗಡಿಯ ಹಳೆಯ ಬಿಲ್ಲು ಹುಡುಕಿದ ದಿನ ಕ್ಲೇಮಿನ ಜೊತೆಗೆ ಪಾಲಿಸಿಯೂ ಹೋಗುತ್ತದೆ.

ಇದೇ ಬೇಡಿಕೆಯ ಇನ್ನೊಂದು ಮುಖವನ್ನು ಜನ ಗುರುತಿಸುವುದಿಲ್ಲ, ಕೆಲವು ಡಾಕ್ಟರೂ ಗುರುತಿಸುವುದಿಲ್ಲ. ಮಧ್ಯರಾತ್ರಿ ಎಮರ್ಜೆನ್ಸಿ ವಾರ್ಡಿನಲ್ಲಿ ನಿದ್ದೆಗೆಟ್ಟ ರೆಸಿಡೆಂಟ್ ಡಾಕ್ಟರು ಕೇಳುತ್ತಾರೆ: ಶುಗರ್ ಎಷ್ಟು ವರ್ಷದಿಂದ? ಗಾಬರಿಯಲ್ಲಿದ್ದ ಭಾವಮೈದುನ ಹೇಳುತ್ತಾನೆ: ಇರಬೇಕು ನಾಲ್ಕೈದು ವರ್ಷ. ಕೇಸ್ ಪೇಪರಿನಲ್ಲಿ ಐದು ಎಂದು ಬೀಳುತ್ತದೆ. ನಿಜವಾಗಿ ಶುಗರ್ ಪತ್ತೆಯಾದದ್ದು ಪಾಲಿಸಿ ಕೊಂಡು ಒಂದು ವರ್ಷವಾದ ಮೇಲೆ. ಮರುದಿನ ಕಂಪನಿ ಕ್ಯಾಶ್‌ಲೆಸ್ ನಿರಾಕರಿಸುತ್ತದೆ. ಆಗ ಫ್ಯಾಮಿಲಿ ಡಾಕ್ಟರ ಬಳಿ ಓಡಿಬಂದು ಚೀಟಿ ಕೇಳುವವನು ಸುಳ್ಳನ್ನು ಕೇಳುತ್ತಿಲ್ಲ, ಸತ್ಯವನ್ನು ಕೇಳುತ್ತಿದ್ದಾನೆ. ಇಂಥ ದಿನ ಮೊದಲ ಸಲ ಸಕ್ಕರೆ ಹೆಚ್ಚಾಗಿದ್ದು ಕಂಡಿತು, ಇಂಥ ದಿನ ಮಾತ್ರೆ ಶುರುಮಾಡಿದೆ ಎಂದು ತಮ್ಮ ರಿಜಿಸ್ಟರ್ ನೋಡಿ ಬರೆದುಕೊಡುವುದು ಡಾಕ್ಟರ ಕರ್ತವ್ಯ. ಮೆಡಿಕ್ಲೇಮಿನವರ ಸಹವಾಸವೇ ಬೇಡ ಎಂದು ಕೈ ಝಾಡಿಸಿಕೊಳ್ಳುವುದು ನಿಷ್ಠುರ ಪ್ರಾಮಾಣಿಕತೆಯಂತೆ ಕಂಡರೂ ಅದು ಬರಿಯ ಸೋಮಾರಿತನ. ಕಾಯಿಲೆಯ ತಾರೀಖು ಬಲ್ಲವರು ಊರಿನಲ್ಲಿ ಬೇರೆ ಯಾರೂ ಇರುವುದಿಲ್ಲ.

ಉಳಿದ ಬೇಡಿಕೆಗಳು ಸಣ್ಣವು. ಹೋಗಿಬಂದ ಮೇಲೆ ಹಿಂದಿನ ತಾರೀಖು ಹಾಕಿ ಚೀಟಿ ಕೊಡಿ ಎನ್ನುವವರಿದ್ದಾರೆ. ಇವತ್ತಿನ ತಾರೀಖು ಹಾಕಿ, ಇಂಥ ದಿನ ರೋಗಿ ಬಂದಿದ್ದರು ಎಂದು ನಿಜವಿದ್ದಷ್ಟನ್ನು ಬರೆದರೆ ಆ ಮಾತು ಮುಗಿಯುತ್ತದೆ. ಹಿಂಜೆವಾಡಿಯ ಐಟಿ ಕಂಪನಿಗಳ ನೌಕರರು ಫೋನಿನ ಆ್ಯಪಿನಲ್ಲಿ ನೆಟ್‌ವರ್ಕ್ ಆಸ್ಪತ್ರೆಗಳ ಪಟ್ಟಿ ತೋರಿಸಿ ಇದರಲ್ಲೇ ಒಂದಕ್ಕೆ ಬರೆಯಿರಿ ಎನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಅವರ ಗುಂಪು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕಾಯುವ ಅವಧಿಯೂ ಇರುವುದಿಲ್ಲ. ತೊಡಕು ಬರುವುದು ಡಾಕ್ಟರು ನಂಬುವ ಪಕ್ಕದ ಬೀದಿಯ ಸಣ್ಣ ನರ್ಸಿಂಗ್ ಹೋಮು ಆ ಪಟ್ಟಿಯಲ್ಲಿ ಇಲ್ಲದಿದ್ದಾಗ. ಹರ್ನಿಯಾದಂಥ ಆಪರೇಷನ್ನಿಗೆ ಅದು ಸಾಕು, ಖರ್ಚೂ ಕಡಿಮೆ. ಆದರೆ ಕೈಯಿಂದ ಕಟ್ಟಿ ಆಮೇಲೆ ವಸೂಲು ಮಾಡುವ ತಾಪತ್ರಯ ಯಾರಿಗೂ ಬೇಡ. ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಗಳಲ್ಲೂ ಕ್ಯಾಶ್‌ಲೆಸ್ ಕೊಡುವ ಏರ್ಪಾಡನ್ನು ವಿಮಾ ಕಂಪನಿಗಳ ಮಂಡಳಿ 2024ರ ಜನವರಿಯಲ್ಲಿ ಸಾರಿತು. ಮುಂಚೆಯೇ ನಿಗದಿಯಾದ ಚಿಕಿತ್ಸೆಗೆ 48 ಗಂಟೆ ಮೊದಲು ತಿಳಿಸಬೇಕೆಂಬ ಷರತ್ತು ಅದಕ್ಕಿದೆ.

ಇನ್ನೊಂದು ಬಗೆಯ ರೋಗಿಯನ್ನು ಮರೆಯುವಂತಿಲ್ಲ. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದು ಪುಣೆಯ ಕಟ್ಟಡಗಳನ್ನು ಕಟ್ಟುವವರ ಕೈಯಲ್ಲಿ ಮೆಡಿಕ್ಲೇಮ್ ಇಲ್ಲ, ಊರಿನ ಆಯುಷ್ಮಾನ್ ಕಾರ್ಡ್ ಇದೆ. “ಸಾಹೇಬ್ರ, ಕಾರ್ಡ್ ಐತ್ರಿ, ಛಲೋ ದವಾಖಾನಿಗೆ ಬರದ್ ಕೊಡ್ರಿ” ಎನ್ನುವ ಇವರ ಬೇಡಿಕೆಯೂ ಚೀಟಿಯದೇ. ಕೇಂದ್ರ ಯೋಜನೆಯ ಕಾರ್ಡು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಯಾವ ಆಸ್ಪತ್ರೆ ನೋಂದಾಯಿತ ಎಂದು ಹೇಳಿ ಕಳಿಸುವುದೇ ಇಲ್ಲಿ ಅರ್ಧ ಚಿಕಿತ್ಸೆ. ಏನೂ ತೋಚದಿದ್ದರೆ 1867ರಿಂದ ಬಡವರಿಗೆ ಬಾಗಿಲು ತೆರೆದಿಟ್ಟಿರುವ ಸಸೂನ್ ಆಸ್ಪತ್ರೆ ಇದೆ. ಕರಾವಳಿಯ ಹೋಟೆಲಿನವರ ಲೆಕ್ಕವೇ ಬೇರೆ. ದೊಡ್ಡ ಕಾಯಿಲೆ ಎಂದರೆ ಅವರು ರಾತ್ರಿ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗುವುದೇ ರೂಢಿ. ಅವರ ಚೀಟಿ ರಾಜ್ಯದ ಗಡಿ ದಾಟಿ ಓದಿಸಿಕೊಳ್ಳಬೇಕು, ಆದ್ದರಿಂದ ಇನ್ನೂ ಸ್ಪಷ್ಟವಾಗಿರಬೇಕು.

ಡಾಕ್ಟರ ಪಕ್ಷದ ಕೊಳೆಯನ್ನೂ ಇಲ್ಲಿ ಹೇಳಬೇಕು. ಚೀಟಿ ಬೇಡ ಎನ್ನುವ ಡಾಕ್ಟರನ್ನು ಅನುಮಾನಿಸುವ ರೋಗಿ, ಚೀಟಿ ಕೊಡುವ ಡಾಕ್ಟರನ್ನೂ ಅನುಮಾನಿಸುತ್ತಾನೆ; ಅದಕ್ಕೆ ಕಾರಣವಿದೆ. ಕಳಿಸಿಕೊಟ್ಟ ಪ್ರತಿ ರೋಗಿಗೆ ಆಸ್ಪತ್ರೆಯಿಂದಲೋ ಸ್ಕ್ಯಾನ್ ಕೇಂದ್ರದಿಂದಲೋ ಲಕೋಟೆ ಬರುವ ಪದ್ಧತಿಗೆ ಮಹಾರಾಷ್ಟ್ರದಲ್ಲಿ ಕಟ್ ಪ್ರಾಕ್ಟಿಸ್ ಎಂದೇ ಹೆಸರು. 2002ರ ನಿಯಮಗಳು ಇದನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಚೇಳಿನ ವಿಷದ ಚಿಕಿತ್ಸೆಗೆ ಹೆಸರಾದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಅವರಿಗೆ, ಎಮ್‌ಆರ್‌ಐಗೆ ಕಳಿಸಿದ ರೋಗಿಯ ಲೆಕ್ಕದಲ್ಲಿ 1,200 ರೂಪಾಯಿಯ ಚೆಕ್ ಬಂತು. ಅವರು ಅದನ್ನು ಹಿಡಿದು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿಗೇ ದೂರು ಕೊಟ್ಟರು. ಪುಣೆಯ ‘ಸಾಥಿ’ ಸಂಸ್ಥೆಯ ಡಾ. ಅರುಣ್ ಗದ್ರೆ ಮತ್ತು ಡಾ. ಅಭಯ್ ಶುಕ್ಲಾ ದೇಶದ 78 ವೈದ್ಯರನ್ನು ಮಾತಾಡಿಸಿ ಒಳಗಿನ ಈ ವ್ಯಾಪಾರವನ್ನು ಪುಸ್ತಕದಲ್ಲಿ ಬಯಲಿಗೆ ತಂದರು. ‘ಡಿಸೆಂಟಿಂಗ್ ಡಯಾಗ್ನೋಸಿಸ್’ ಎಂಬ ಆ ಪುಸ್ತಕ ಬಂದದ್ದು 2016ರಲ್ಲಿ. ಮರುವರ್ಷ ಮಹಾರಾಷ್ಟ್ರ ಸರ್ಕಾರ ಕಟ್ ಪ್ರಾಕ್ಟಿಸ್ ತಡೆಗೆ ಮಸೂದೆಯ ಕರಡು ಮಾಡಿತು. ಕರಡು ಕರಡಾಗಿಯೇ ಉಳಿಯಿತು.

ಇನ್ನೊಂದು ಕಡೆ ಭಯ. ವೈದ್ಯರ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರ ನವೆಂಬರಿನಲ್ಲಿ ತೀರ್ಪು ಕೊಟ್ಟ ಮೇಲೆ, ಚೀಟಿ ಕೇಳಿದರೂ ಕೊಡಲಿಲ್ಲ, ಆಮೇಲೆ ಗಡ್ಡೆ ಕಂಡಿತು ಎಂಬ ದೂರಿಗೆ ಹೆದರಿ ಕೇಳಿದವರಿಗೆಲ್ಲ ಬರೆದುಕೊಡುವವರೂ ಹುಟ್ಟಿಕೊಂಡರು. ಈ ಭಯಕ್ಕೆ ಮದ್ದು ನೋಟ್ ಪುಸ್ತಕದಲ್ಲಿದೆ. ಏನು ಪರೀಕ್ಷಿಸಿದೆ, ಏನು ಕಾಣಲಿಲ್ಲ, ಯಾವ ಲಕ್ಷಣ ಕಂಡರೆ ತಕ್ಷಣ ಬರಲು ಹೇಳಿದೆ, ಮತ್ತೆ ಯಾವತ್ತು ನೋಡುತ್ತೇನೆ, ಈ ನಾಲ್ಕು ಮಾತು ಬರೆದಿಟ್ಟವರು ಚೀಟಿ ಕೊಡದೆಯೂ ನಿಶ್ಚಿಂತರಾಗಿರಬಹುದು.

ಹಾಗಾದರೆ ಬೇಡಿಕೆಯನ್ನು ನಿಭಾಯಿಸುವುದು ಹೇಗೆ? ಅನುಭವಸ್ಥರ ರೀತಿ ಬಹುಮಟ್ಟಿಗೆ ಒಂದೇ. ಚೀಟಿ ಯಾಕೆ ಬೇಕು ಎಂದು ಅವರು ಮೊದಲು ಕೇಳುತ್ತಾರೆ, ಗದರಿಸುವುದಿಲ್ಲ. ಉತ್ತರದಲ್ಲಿ ಎಷ್ಟೋ ಸಲ ಬೇರೆಯದೇ ಸಂಗತಿ ಹೊರಬರುತ್ತದೆ: ಪಕ್ಕದ ಮನೆಯವರು ಇದೇ ನೋವೆಂದು ಹೋಗಿ ಕ್ಯಾನ್ಸರ್ ಎಂದು ತಿಳಿದು ತೀರಿಕೊಂಡಿದ್ದಾರೆ, ಇಲ್ಲವೇ ಮಾರ್ಚಿನಲ್ಲಿ ಪಾಲಿಸಿ ಮುಗಿಯುತ್ತದೆ. ಮೊದಲಿನದು ಭಯ, ಅದಕ್ಕೆ ಪರೀಕ್ಷೆ ಬೇಕು, ಚೀಟಿಯಲ್ಲ. ಎರಡನೆಯದಕ್ಕೆ ಪಾಲಿಸಿ ನವೀಕರಣದ ಮಾತು ಸಾಕು. ಆಮೇಲೆ ಮೈಮುಟ್ಟಿ ಪರೀಕ್ಷೆ. ಕಳಿಸುವುದೇ ಸರಿ ಎಂದಾದರೆ ಒಂದೇ ಹೆಸರಿನ ಬದಲು ಎರಡು ಮೂರು ಹೆಸರು ಹೇಳಿ ಆಯ್ಕೆಯನ್ನು ರೋಗಿಗೇ ಬಿಡುವುದು. ಲಕೋಟೆಯ ಅನುಮಾನ ಅಲ್ಲೇ ಕರಗುತ್ತದೆ. ಕೋಣೆಯ ಬಾಡಿಗೆಗೆ ಮಿತಿ ಇರುವ ಪಾಲಿಸಿಯಾದರೆ ದೊಡ್ಡ ಕೋಣೆ ತೆಗೆದುಕೊಂಡವರಿಗೆ ಉಳಿದ ಬಿಲ್ಲಿನಲ್ಲೂ ಅದೇ ಪ್ರಮಾಣದ ಕಡಿತ ಬೀಳುತ್ತದೆ ಎಂಬ ಎಚ್ಚರಿಕೆಯನ್ನು ಬಾಯಿಮಾತಿನಲ್ಲಿ ಹೇಳುವುದು.

ಚೀಟಿಯ ರೂಪವನ್ನು 2002ರ ನಿಯಮಗಳೇ ಸೂಚಿಸಿವೆ. ರೋಗಿಯನ್ನು ಕಳಿಸುವ ವೈದ್ಯರು ಪ್ರಕರಣದ ಸಾರಾಂಶ ಕೊಡಬೇಕು, ತಜ್ಞರು ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ಅವರಿಗೆ ತಿಳಿಸಬೇಕು. ಮೊದಲನೆಯದು ಅರ್ಧ ಆಗುತ್ತದೆ, ಎರಡನೆಯದು ಅಪರೂಪ. ಹೋಟೆಲಿನ ಗಲ್ಲಾದವರ ಸೊಂಟಕ್ಕೆ ಎಂಟು ವಾರವಾದರೂ ಇಳಿಯದೆ ಕೊನೆಗೆ ಚೀಟಿ ಬರೆಯಬೇಕಾಗಿ ಬಂದರೆ ಅದು ಹೀಗಿರಬಹುದು: ವಯಸ್ಸು 52. ಎಂಟು ವಾರದಿಂದ ಸೊಂಟ ನೋವು, ಎಡಗಾಲಿಗೆ ಇಳಿಯುತ್ತದೆ. ಮೊದಲು ನೋಡಿದ್ದು ಇಂಥ ತಾರೀಖು. ಎರಡು ವಾರದಿಂದ ಎಡಗಾಲಿನ ಹೆಬ್ಬೆರಳಿನ ಬಲ ಕಡಿಮೆ. ಮೂತ್ರದ ತೊಂದರೆ ಇಲ್ಲ. ರಕ್ತದೊತ್ತಡ 2019ರಿಂದ, ಆಮ್ಲೋಡಿಪಿನ್ 5 ಮಿಲಿಗ್ರಾಂ ದಿನಕ್ಕೊಂದು. ಇಂತಿಂಥ ಮಾತ್ರೆ, ವ್ಯಾಯಾಮ ಆಗಿದೆ, ಗುಣವಿಲ್ಲ. ಪ್ರಶ್ನೆ: ನರ ಒತ್ತಿದೆಯೇ, ಆಪರೇಷನ್ ಬೇಕೇ? ಇದರಲ್ಲಿ ವಿಮೆಯ ಹೆಸರೇ ಇಲ್ಲ. ಆದರೆ ವಿಮೆಯವರು ಕೇಳುವ ಪ್ರತಿಯೊಂದಕ್ಕೂ ಉತ್ತರವಿದೆ, ತಾರೀಖುಗಳೆಲ್ಲ ನಿಜ. ಡಾಕ್ಟರಿಗೆ ಬರೆದ ಒಳ್ಳೆಯ ಪತ್ರವೇ ಕಂಪನಿಗೂ ಒಳ್ಳೆಯ ದಾಖಲೆ. ಕಂಪನಿಗಾಗಿ ಬರೆದ ಪತ್ರ ಡಾಕ್ಟರಿಗೆ ಉಪಯೋಗಕ್ಕೆ ಬರುವುದಿಲ್ಲ.

ನಿಜ ಹೇಳಿದರೆ ಹಣ ಹೋಗುತ್ತದೆ ಎಂಬ ಹೆದರಿಕೆ ಈಗ ಮೊದಲಿನಷ್ಟು ಸಕಾರಣವಲ್ಲ. ಸಕ್ಕರೆ ಕಾಯಿಲೆ ಇದೆ ಎಂದು ತಿಳಿಸಿಯೇ ಪಾಲಿಸಿ ಕೊಂಡವರ ಹೃದಯಾಘಾತದ ಕ್ಲೇಮನ್ನು ಕಂಪನಿ ತಿರಸ್ಕರಿಸಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಮನಮೋಹನ್ ನಂದಾ ಪ್ರಕರಣದಲ್ಲಿ ಹೇಳಿತು. ಪಾಲಿಸಿ ತಪ್ಪದೆ 60 ತಿಂಗಳು ನಡೆದ ಮೇಲೆ, ವಂಚನೆ ರುಜುವಾತಾಗದ ಹೊರತು, ಹಿಂದೆ ಇದನ್ನು ಹೇಳಲಿಲ್ಲ ಎಂದು ಕಂಪನಿ ತಕರಾರು ತೆಗೆಯುವಂತಿಲ್ಲ. 2024ಕ್ಕೆ ಮುಂಚೆ ಈ ಅವಧಿ ಎಂಟು ವರ್ಷವಿತ್ತು. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ, ಬಿಡುಗಡೆಯ ವೇಳೆಯ ಅಂತಿಮ ಬಿಲ್ಲಿಗೆ ಮೂರು ಗಂಟೆಯೊಳಗೆ ತೀರ್ಮಾನ ಹೇಳಬೇಕೆಂದು ಪ್ರಾಧಿಕಾರ 2024ರ ಮೇ 29ರ ಸುತ್ತೋಲೆಯಲ್ಲಿ ಕಟ್ಟುಮಾಡಿದೆ.

ಇಷ್ಟಾದರೂ ಕಂಪನಿ ಹಣ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಪುಣೆಯ ಕಚೇರಿ ನಾರಾಯಣ ಪೇಠದ ಎನ್. ಸಿ. ಕೇಳ್ಕರ್ ರಸ್ತೆಯಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ದವಾಖಾನೆಯ ಚೀಟಿ ಸಾಮಾನ್ಯವಾಗಿ ಉಳಿಯುವುದು ರೋಗಿಯ ಕೈಯಲ್ಲೇ, ಡಾಕ್ಟರ ಬಳಿ ಅದರ ನಕಲು ಇರುವುದು ಕಡಿಮೆ. ಆದ್ದರಿಂದ ಬಿಪಿಯ ಮೊದಲ ಮಾತ್ರೆ ಬರೆದ ಹಾಳೆಯಿಂದ ಹಿಡಿದು ಪ್ರತಿಯೊಂದನ್ನೂ ತಾರೀಖಿನ ಕ್ರಮದಲ್ಲಿ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.